ಹಳೆಯ ಲಾಂಗ್ ಕೀಲ್ ಹಾಯಿದೋಣಿ: ಸಾಮಾನಿನ ಪಟ್ಟಿ ಪಕ್ಕಕ್ಕಿಡಿ, ಒಡಲು ನೋಡಿ

ಪ್ರಶ್ನೆ: ನಾನು ಹುಮನಾಬಾದಿನವನು. ಬಹಳ ವರ್ಷ ಸಿಂಗಪುರದಲ್ಲಿ ಕೆಲಸ ಮಾಡಿ ಈಗ ಬೀದರಿಗೆ ಬಂದು ನೆಲೆಸಿದ್ದೇನೆ. ಅಲ್ಲಿದ್ದಾಗ ಗೆಳೆಯರ ಜೊತೆ ಹಾಯಿದೋಣಿ ನಡೆಸುವುದನ್ನು ಕಲಿತೆ. ಮಲೇಷ್ಯಾದ ಲಂಕಾವಿಯಲ್ಲಿ 1978ರ ಬ್ರಿಟಿಷ್ ಬೋಟ್ ಒಂದು ಮಾರಾಟಕ್ಕಿದೆ. 35 ಅಡಿ, ಎರಡು ಮಾಸ್ಟಿನ (ಹಾಯಿಕಂಬದ) ಕೆಚ್, ಫೈಬರ್ ಗ್ಲಾಸ್ ಒಡಲು, ಲಾಂಗ್ ಕೀಲ್ (ತಳದಲ್ಲಿ ಉದ್ದಕ್ಕೂ ಇಳಿದಿರುವ ಭಾರವಾದ ಬೆನ್ನು). ಮೂರು ವರ್ಷದಿಂದ ಯಾರ್ಡಿನಲ್ಲಿ ನೆಲದ ಮೇಲೆ ನಿಂತಿದೆ. ‘ಸಾಗರ ದಾಟಲು ಪೂರ್ತಿ ಸಜ್ಜು’ ಎಂದು ಜಾಹೀರಾತಿನಲ್ಲಿದೆ. ವಿಂಡ್‌ವೇನ್, ವಾಟರ್ ಮೇಕರ್ (ಉಪ್ಪುನೀರನ್ನು ಸಿಹಿ ಮಾಡುವ ಯಂತ್ರ), ಸೋಲಾರ್, ಲೈಫ್ ರಾಫ್ಟ್ (ತುರ್ತಿನ ತೇಲುದೋಣಿ), ರೇಡಾರ್ ಎಂದು ಎರಡು ಪುಟ ಪಟ್ಟಿ ಕೊಟ್ಟಿದ್ದಾರೆ. ಬೆಲೆ 34,000 ಡಾಲರ್. ಕೊಳ್ಳಬಹುದೇ? ಕೊಚ್ಚಿಗೆ ತರಬಹುದೇ? ಬಿರುಗಾಳಿಯಲ್ಲಿ ಮಗುಚುತ್ತದೆಯೇ ಎಂದು ಮನೆಯವರು ಕೇಳುತ್ತಿದ್ದಾರೆ. ನಮ್ಮ ತಂದೆಯವರು ಊರಿನಲ್ಲಿ ಡೀಸೆಲ್ ಇಂಜಿನ್ ರಿಪೇರಿ ಗ್ಯಾರೇಜ್ ನಡೆಸುತ್ತಿದ್ದರು, ನನಗೂ ಆ ಕೆಲಸ ಸ್ವಲ್ಪ ಗೊತ್ತು.

ಉತ್ತರ: ಕಲಬುರಗಿಯಲ್ಲಿ ಕೂತವನಿಗೆ ಬೀದರಿನಿಂದ ಸಾಗರದ ಪ್ರಶ್ನೆ ಬಂದಿದೆ. ಇಬ್ಬರಿಗೂ ಹತ್ತಿರದ ದೊಡ್ಡ ನೀರು ಅಂದರೆ ನನಗೆ ಅಪ್ಪನ ಕೆರೆ, ನಿಮಗೆ ಕಾರಂಜಾ! ಇರಲಿ. ಹಡಗಿನ ಕೆಲಸ ಬಿಟ್ಟು ಇಲ್ಲಿಗೆ ಬಂದ ಮೇಲೆ ಇಂಥ ಪ್ರಶ್ನೆ ಬರುವುದು ಅಪರೂಪ, ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ. ಬೋಟಿನ ಮಾಡೆಲ್ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ, ಮಾರುವವರ ಗುರುತು ಯಾಕೆ ಬೇಕು.

ಮೊದಲು ನೇರ ಉತ್ತರ. ಬೋಟಿನ ಜಾತಿ ಒಳ್ಳೆಯದು. ಆದರೆ ಆ ಎರಡು ಪುಟದ ಪಟ್ಟಿಯ ಉದ್ದ ನೋಡಿ ಬೆಲೆ ಕೊಡಬೇಡಿ. ನೀವು ಕೊಳ್ಳುತ್ತಿರುವುದು ಒಡಲು, ಕೀಲ್, ಚುಕ್ಕಾಣಿ, ಮಾಸ್ಟ್, ಇಂಜಿನ್. ಈ ಐದು ಗಟ್ಟಿ ಇದ್ದರೆ ಪಟ್ಟಿಯಲ್ಲಿರುವ ಎಲ್ಲವನ್ನೂ ನಿಧಾನಕ್ಕೆ ಹೊಸದಾಗಿ ಕೊಳ್ಳಬಹುದು, ಇವು ಕೆಟ್ಟಿದ್ದರೆ ಪಟ್ಟಿ ಹತ್ತು ಪುಟ ಇದ್ದರೂ ಸುಮ್ನೆ ಕಾಗದ.

ಲಾಂಗ್ ಕೀಲ್ ಯಾಕೆ ಒಳ್ಳೆಯದು ಎಂದು ನಿಮಗೆ ಗೊತ್ತಿರಬಹುದು, ಆದರೆ ಓದುವ ಬೇರೆಯವರಿಗಾಗಿ ಹೇಳುತ್ತೇನೆ. ಈಗಿನ ಬಹುತೇಕ ಬೋಟುಗಳಲ್ಲಿ ಕೀಲ್ ಅಂದರೆ ಒಡಲಿನ ಕೆಳಗೆ ಬೋಲ್ಟ್ ಹಾಕಿ ಬಿಗಿದ ಕಿರಿದಾದ ರೆಕ್ಕೆ. ಚುಕ್ಕಾಣಿ ಅದರಿಂದ ದೂರ, ಹಿಂದೆ ಒಂಟಿಯಾಗಿ ನೇತಾಡುತ್ತದೆ. ಲಾಂಗ್ ಕೀಲಿನಲ್ಲಿ ಹಾಗಲ್ಲ. ಕೀಲ್ ಒಡಲಿನ ಬಹುಪಾಲು ಉದ್ದಕ್ಕೂ ಓಡಿರುತ್ತದೆ, ಚುಕ್ಕಾಣಿ ಅದರ ಹಿಂಬದಿಯ ಅಂಚಿಗೇ, ಬಾಗಿಲಿಗೆ ಹಾಕುವಂಥ ತಿರುಗಣಿಗಳ ಮೇಲೆ ಕೂತಿರುತ್ತದೆ, ಪ್ರೊಪೆಲ್ಲರ್ ಆ ಎರಡರ ನಡುವಿನ ಕಿಂಡಿಯಲ್ಲಿ ಅಡಗಿರುತ್ತದೆ. ಮೀನಿನ ಬಲೆ, ತೇಲುವ ಹಗ್ಗ, ಮರದ ದಿಮ್ಮಿ ಅಡ್ಡ ಬಂದರೆ ಹೆಚ್ಚಿನವು ಕೀಲಿನ ಮೇಲೆ ಜಾರಿ ಹೋಗುತ್ತವೆ. ಮಲಕ್ಕಾ ಜಲಸಂಧಿಯಲ್ಲಿ ರಾತ್ರಿ ಹೊತ್ತು ಓಡಾಡಿದವರಿಗೆ ಇದರ ಬೆಲೆ ಗೊತ್ತು.

ಇನ್ನೊಂದು, ಇದು ದಿಕ್ಕು ಹಿಡಿದರೆ ಬಿಡುವುದಿಲ್ಲ. ಹಾಯಿಗಳನ್ನು ಸರಿಯಾಗಿ ಹೊಂದಿಸಿದರೆ ಚುಕ್ಕಾಣಿಯನ್ನು ಪದೇ ಪದೇ ತಿದ್ದಬೇಕಿಲ್ಲ. ಇಬ್ಬರೇ ಇರುವ ಬೋಟಿನಲ್ಲಿ, ಒಬ್ಬರು ಮಲಗಿರುವಾಗ, ಇದು ಸಣ್ಣ ಮಾತಲ್ಲ. ಬಿರುಗಾಳಿಯಲ್ಲಿ ‘ಹೀವ್ ಟು’ ಮಾಡುವುದೂ ಇದರಲ್ಲಿ ಸುಲಭ: ಮುಂದಿನ ಸಣ್ಣ ಹಾಯಿಯನ್ನು ಗಾಳಿಗೆ ಎದುರು ಕಟ್ಟಿ, ದೊಡ್ಡ ಹಾಯಿಯನ್ನು ಮಡಚಿ ಕಿರಿದು ಮಾಡಿ, ಚುಕ್ಕಾಣಿಯ ಹಿಡಿಯನ್ನು ಗಾಳಿ ಹೋಗುವ ಬದಿಗೆ ಕಟ್ಟಿಬಿಟ್ಟರೆ ಬೋಟು ಹೆಚ್ಚುಕಡಿಮೆ ನಿಂತೇಬಿಡುತ್ತದೆ, ನಿಧಾನಕ್ಕೆ ತೇಲುತ್ತಾ ಇರುತ್ತದೆ, ಒಳಗೆ ಕೂತು ಚಹಾ ಮಾಡಿಕೊಳ್ಳಬಹುದು.

ತೊಂದರೆಗಳೂ ಇವೆ. ಗಾಳಿ ಕಡಿಮೆ ಇದ್ದಾಗ ಮಂದ. ಗಾಳಿಗೆದುರು ಓರೆಯಾಗಿ ಏರುವುದರಲ್ಲಿ ಹೊಸ ಬೋಟುಗಳಿಗಿಂತ ಹಿಂದೆ. ಇಂಜಿನ್ ಹಾಕಿ ರಿವರ್ಸ್ ಬಂದರೆ ಅದು ಎಲ್ಲಿಗೆ ಹೋಗುತ್ತದೋ ಅದಕ್ಕೇ ಗೊತ್ತು, ಮರೀನಾದಲ್ಲಿ (ಬೋಟು ನಿಲ್ದಾಣದಲ್ಲಿ) ಅಕ್ಕಪಕ್ಕದವರು ಗುದ್ದು ತಡೆಯುವ ಫೆಂಡರ್ ದಿಂಬು ಹಿಡಿದು ಓಡಿ ಬರುತ್ತಾರೆ. ವೇಗದ ಲೆಕ್ಕವನ್ನೂ ಮೊದಲೇ ಮಾಡಿಕೊಳ್ಳಿ. ಆ ಕಾಲದ 35 ಅಡಿಯ ಬೋಟು ನೀರಿನ ಮಟ್ಟದಲ್ಲಿ ಸುಮಾರು 25 ಅಡಿಯಷ್ಟೇ ಇರುತ್ತದೆ, ಮುಂದೆ ಹಿಂದೆ ಚಾಚಿದ್ದೇ ಉಳಿದದ್ದು. ಇಂಥ ಒಡಲಿನ ವೇಗಕ್ಕೆ ಒಂದು ಸೂತ್ರವಿದೆ: 25ರ ವರ್ಗಮೂಲ 5, ಅದನ್ನು 1.34ರಿಂದ ಗುಣಿಸಿದರೆ 6.7 ನಾಟ್, ಅಂದರೆ ಗಂಟೆಗೆ ಅಷ್ಟು ನಾಟಿಕಲ್ (ಸಮುದ್ರದ) ಮೈಲಿ. ಅದು ಮೇಲಿನ ಮಿತಿ. ದಿನವಿಡೀ ಸರಾಸರಿ 5 ನಾಟ್ ಸಿಕ್ಕರೆ ಖುಷಿಪಡಿ, ಅಂದರೆ ದಿನಕ್ಕೆ 120 ನಾಟಿಕಲ್ ಮೈಲಿ.

ಈಗ ಮನೆಯವರ ಪ್ರಶ್ನೆ, ಯಾಕೆಂದರೆ ಅವರು ಒಪ್ಪದಿದ್ದರೆ ಉಳಿದದ್ದೆಲ್ಲ ವ್ಯರ್ಥ ಅಲ್ವಾ. ಮಗುಚುತ್ತದೆಯೇ? ಸಾಕಷ್ಟು ದೊಡ್ಡ ಅಲೆ ಅಡ್ಡಕ್ಕೆ ಮುರಿದು ಬಿದ್ದರೆ ಯಾವ 35 ಅಡಿಯ ಬೋಟೂ ಮಗುಚುತ್ತದೆ. ಆದರೆ ಇಂಥ ಬೋಟಿನ ತೂಕದಲ್ಲಿ ದೊಡ್ಡ ಪಾಲು ಕೆಳಗೆ ಕೀಲಿನೊಳಗಿನ ಸೀಸ ಅಥವಾ ಕಬ್ಬಿಣದ್ದು, ಹಾಗಾಗಿ ಮಗುಚಿದರೂ ತಾನೇ ಮೇಲೇಳುತ್ತದೆ. ಮಾಸ್ಟ್ ಉಳಿಯುತ್ತದೆ ಎಂಬ ಭರವಸೆ ಮಾತ್ರ ಇಲ್ಲ. ನಮ್ಮ ನೌಕಾಪಡೆಯ ಅಭಿಲಾಷ್ ಟೋಮಿಯವರದ್ದೇ ಉದಾಹರಣೆ ನೋಡಿ. ಒಬ್ಬರೇ, ಎಲ್ಲೂ ನಿಲ್ಲದೆ ಜಗತ್ತು ಸುತ್ತುವ 2018ರ ಗೋಲ್ಡನ್ ಗ್ಲೋಬ್ ರೇಸಿನಲ್ಲಿ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಗೆ ಅವರ ‘ತುರೀಯ’ದ ಮಾಸ್ಟುಗಳು ಮುರಿದವು, ಅವರ ಬೆನ್ನಿಗೆ ಭಾರಿ ಪೆಟ್ಟಾಯಿತು. ಒಡಲು ಮಾತ್ರ ತೇಲುತ್ತಲೇ ಇತ್ತು, ಫ್ರಾನ್ಸಿನ ಹಡಗೊಂದು ಬರುವವರೆಗೆ ಅವರು ಅದರೊಳಗೇ ಮಲಗಿದ್ದರು. ಅದೇ ಮನುಷ್ಯ ಮತ್ತೆ 2022ರಲ್ಲಿ ಹೊರಟು, ರಸ್ಲರ್ 36 ಎಂಬ ಲಾಂಗ್ ಕೀಲ್ ಬೋಟಿನಲ್ಲಿ ಜಗತ್ತು ಸುತ್ತಿ 2023ರ ಏಪ್ರಿಲಿನಲ್ಲಿ ಎರಡನೆಯವರಾಗಿ ಬಂದರು. ಆ ರೇಸಿನ ನಿಯಮವೇ ಹಾಗಿದೆ: 1988ಕ್ಕಿಂತ ಹಿಂದಿನ ವಿನ್ಯಾಸ, ಉದ್ದ ಕೀಲ್, ಅದರ ಅಂಚಿಗೆ ಕೂತ ಚುಕ್ಕಾಣಿ. ಇದಕ್ಕೆಲ್ಲ ಮೂಲವಾದ ‘ಸುಹೈಲಿ’ ಎಂಬ ಬೋಟನ್ನು ಕಟ್ಟಿದ್ದು ಮುಂಬೈಯಲ್ಲಿ, ತೇಗದ ಮರದಲ್ಲಿ, ಉದ್ದ 32 ಅಡಿ. ರಾಬಿನ್ ನಾಕ್ಸ್-ಜಾನ್ಸ್ಟನ್ 1968-69ರಲ್ಲಿ ಅದರಲ್ಲೇ ಒಬ್ಬರೇ, ಎಲ್ಲೂ ನಿಲ್ಲದೆ, 312 ದಿನದಲ್ಲಿ ಜಗತ್ತು ಸುತ್ತಿದರು. ನೀವು ಹೋಗಬೇಕೆಂದಿರುವುದು ಆ ದಕ್ಷಿಣ ಸಾಗರಕ್ಕಲ್ಲ, ಬಂಗಾಳ ಕೊಲ್ಲಿಯ ಕೆಳಭಾಗಕ್ಕೆ, ಅದೂ ಒಳ್ಳೆಯ ಕಾಲದಲ್ಲಿ. ಇದನ್ನು ಅವರಿಗೆ ಹೀಗೇ ಹೇಳಿ, ಮುಚ್ಚಿಡಬೇಡಿ.

ಇನ್ನು ಬೋಟಿನ ಹತ್ತಿರ ಹೋಗೋಣ. ಮೂರು ವರ್ಷ ನೆಲದ ಮೇಲೆ ನಿಂತಿದೆ ಎಂದಿರಿ. ಇದು ನನಗೆ ಎಲ್ಲಕ್ಕಿಂತ ಮುಖ್ಯವಾದ ಮಾಹಿತಿ. ಹಳೆಯ ಫೈಬರ್ ಗ್ಲಾಸ್ ಒಡಲು ನೀರು ಕುಡಿದು ಗುಳ್ಳೆ ಏಳುತ್ತದೆ, ಆಸ್ಮೋಸಿಸ್ ಎನ್ನುತ್ತಾರೆ. ನೀರಿನಿಂದ ಎತ್ತಿದ ದಿನ ಕಾಣುವ ಗುಳ್ಳೆಗಳು ಮೂರು ವರ್ಷ ಒಣಗಿದ ಮೇಲೆ ಇಳಿದು ಹೋಗಿರಬಹುದು, ತೇವದ ಮೀಟರ್ ಕೂಡ ‘ಒಣಗಿದೆ’ ಎಂದೇ ತೋರಿಸಬಹುದು. ಹಾಗಾಗಿ ಮೀಟರ್ ಓದಿ ಖುಷಿಪಡಬೇಡಿ. ಕೊನೆಯ ಸಲ ಎತ್ತಿದ ದಿನ ತೆಗೆದ ಫೋಟೋ ಕೇಳಿ. ಮಾಲೀಕರ ಹತ್ತಿರ ಇಲ್ಲದಿದ್ದರೆ ಯಾರ್ಡಿನವರನ್ನು ಕೇಳಿ. ಹಾಗೆಂದು ಗುಳ್ಳೆ ಕಂಡ ಕೂಡಲೇ ಓಡಬೇಕಿಲ್ಲ, ಆ ಕಾಲದಲ್ಲಿ ಒಡಲು ದಪ್ಪವಾಗಿ ಕಟ್ಟುತ್ತಿದ್ದರು, ಗುಳ್ಳೆಯಿಂದ ಮುಳುಗಿದ ಬೋಟಿನ ಕಥೆ ಕೇಳುವುದು ಬಲು ಅಪರೂಪ. ಅದು ಬೆಲೆ ಇಳಿಸುವ ವಿಷಯ, ಬಿಟ್ಟು ಬರುವ ವಿಷಯ ಅಲ್ಲ.

ಬಿಟ್ಟು ಬರುವ ವಿಷಯ ಕೀಲಿನಲ್ಲಿದೆ. ಲಾಂಗ್ ಕೀಲಿನ ಹಲವು ಬೋಟುಗಳಲ್ಲಿ ಭಾರವನ್ನು ಫೈಬರ್ ಗ್ಲಾಸಿನ ಒಳಗೇ ಮುಚ್ಚಿಟ್ಟಿರುತ್ತಾರೆ. ಬೋಲ್ಟಿನ ಚಿಂತೆ ಇಲ್ಲ, ಅದು ದೊಡ್ಡ ಲಾಭ. ಆದರೆ ಒಳಗಿರುವುದು ಸೀಸವೋ ಕಬ್ಬಿಣವೋ ಎಂದು ಕೇಳಿ ತಿಳಿದುಕೊಳ್ಳಿ. ಸೀಸವಾದರೆ ನೆಮ್ಮದಿ. ಕಬ್ಬಿಣವಾಗಿದ್ದು, ಎಂದೋ ಬಂಡೆಗೆ ತಾಗಿ ಸಿಪ್ಪೆ ಬಿರಿದು ಉಪ್ಪುನೀರು ಒಳಗೆ ಹೋಗಿದ್ದರೆ, ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತದೆ, ಒಳಗಿನಿಂದಲೇ ಕೀಲನ್ನು ಸೀಳುತ್ತದೆ. ಮರದ ಹಿಡಿಯ ಸಣ್ಣ ಸುತ್ತಿಗೆಯಿಂದ ಕೀಲಿನ ಉದ್ದಕ್ಕೂ, ಮುಖ್ಯವಾಗಿ ತಳದ ಅಂಚಿಗೆ, ಮೆಲ್ಲಗೆ ತಟ್ಟುತ್ತಾ ಹೋಗಿ. ಟಣ್ ಅನ್ನಬೇಕು. ಎಲ್ಲಾದರೂ ಡೊಬ್ ಅಂದರೆ ಅಲ್ಲಿ ಪೊಳ್ಳಿದೆ. ಕಂದು ಬಣ್ಣದ ನೀರು ಒಸರಿದ ಗುರುತು ಕಂಡರೆ ಸರ್ವೇಯರನಿಗೆ (ಬೋಟು ಪರೀಕ್ಷಿಸುವ ತಜ್ಞನಿಗೆ) ಮೊದಲು ಅದನ್ನೇ ತೋರಿಸಿ. ಅಲ್ಲಿ ಕೆಲಸ ದೊಡ್ಡದಾದರೆ ಈ ಬೋಟು ಪುಕ್ಕಟೆ ಕೊಟ್ಟರೂ ಬೇಡ.

ಅದೇ ಸುತ್ತಿಗೆ ಡೆಕ್ಕಿನ ಮೇಲೂ ಓಡಲಿ. ಡೆಕ್ ಅಂದರೆ ಎರಡು ಫೈಬರ್ ಹಾಳೆಗಳ ನಡುವೆ ಸಾಮಾನ್ಯವಾಗಿ ಬಾಲ್ಸಾ ಎಂಬ ಹಗುರ ಮರ. ಸ್ಕ್ರೂ ಹಾಕಿದ ಕಡೆಯೆಲ್ಲ ಮಳೆನೀರು ಇಳಿದರೆ ಅದು ಕೊಳೆಯುತ್ತದೆ. ಮೇಲೆ ತೇಗದ ಪಟ್ಟಿ ಹೊದಿಸಿದ್ದರೆ ನೋಡಲು ಚೆಂದ, ಆದರೆ ಸ್ಕ್ರೂ ಹಾಕಿ ಕೂರಿಸಿದ ತೇಗ ಅಂದರೆ ನೂರಾರು ತೂತು ಅಂತಲೇ ಲೆಕ್ಕ. ಲಂಕಾವಿಯ ಮಳೆಯಲ್ಲಿ ಮೂರು ವರ್ಷ! ಒಳಗೆ ಹೋಗಿ ಮೇಲ್ಛಾವಣಿಯ ಮೂಲೆಗಳಲ್ಲಿ ಕಲೆ ಹುಡುಕಿ, ಮೂಗಿಗೂ ಕೆಲಸ ಕೊಡಿ.

ಚುಕ್ಕಾಣಿಯ ತುದಿಯನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿ. ಅಲ್ಪಸ್ವಲ್ಪ ಆಟ ಸರಿ, ಟಕ್ ಟಕ್ ಅಂದರೆ ತಿರುಗಣಿಗಳು ಸವೆದಿವೆ. ಅದು ರಿಪೇರಿ ಆಗುವಂಥದ್ದೇ.

ಮಾಸ್ಟನ್ನು ಹಿಡಿದಿರುವ ತಂತಿಗಳ ವಿಷಯದಲ್ಲಿ ಮಾತ್ರ ನಾನು ಹಟಮಾರಿ. ಸ್ಟೇನ್‌ಲೆಸ್ ತಂತಿ ಹೊರಗಿಂದ ಹೊಳೆಯುತ್ತಲೇ ಇರುತ್ತದೆ, ಒಳಗೆ ಎಳೆ ಬಿರುಕು ಬಿಟ್ಟಿರುತ್ತದೆ. ಬಹಳಷ್ಟು ವಿಮೆಯವರು ಹತ್ತು ವರ್ಷ ದಾಟಿದ ತಂತಿಯನ್ನು ಒಪ್ಪುವುದಿಲ್ಲ, ಬಿಸಿ ದೇಶದ ಉಪ್ಪುಗಾಳಿಯಲ್ಲಿ ಆ ಹತ್ತೂ ನನಗೆ ಜಾಸ್ತಿ ಅನಿಸುತ್ತದೆ. ಬದಲಾಯಿಸಿದ ಬಿಲ್ ತೋರಿಸದಿದ್ದರೆ ‘ಹಳೆಯದು’ ಎಂದೇ ಬರೆದುಕೊಳ್ಳಿ. ಕೆಚ್ ಅಂದರೆ ಎರಡು ಮಾಸ್ಟ್, ತಂತಿಯೂ ಅಷ್ಟೇ ಜಾಸ್ತಿ, ಖರ್ಚೂ ಜಾಸ್ತಿ. ಇನ್ನೂ ಮುಖ್ಯ ಅಂದರೆ ಆ ತಂತಿಗಳನ್ನು ಒಡಲಿಗೆ ಹಿಡಿದಿಡುವ ಚೈನ್‌ಪ್ಲೇಟುಗಳು. ಡೆಕ್ಕಿನ ಮೂಲಕ ಕೆಳಗಿಳಿಯುವ ಸ್ಟೀಲ್ ಪಟ್ಟಿ ಅದು. ಡೆಕ್ ದಾಟುವ ಜಾಗದಲ್ಲಿ ಗಾಳಿ ಆಡುವುದಿಲ್ಲ, ನೀರು ನಿಲ್ಲುತ್ತದೆ, ಅಲ್ಲೇ ಸ್ಟೇನ್‌ಲೆಸ್ ಕೂಡ ಗುಟ್ಟಾಗಿ ತಿಂದುಹೋಗುತ್ತದೆ. ಮೇಲೂ ಕೆಳಗೂ ಫಳಫಳ, ನಡುವಿನ ಎರಡು ಇಂಚು ಮಾತ್ರ ಸೋತಿರುತ್ತದೆ. ಕನಿಷ್ಠ ಒಂದನ್ನಾದರೂ ಬಿಚ್ಚಿ ತೋರಿಸಿ ಎಂದು ಕೇಳಿ. ಮಾಲೀಕರು ಒಪ್ಪದಿದ್ದರೆ ಎಲ್ಲವನ್ನೂ ಹೊಸದು ಹಾಕುವ ಖರ್ಚನ್ನು ಬೆಲೆಯಿಂದ ಕಳೆಯಿರಿ.

ನೀರು ಒಳಬರುವ, ಹೊರಹೋಗುವ ಒಡಲಿನ ತೂತುಗಳಲ್ಲಿ ಕೂತ ಸೀಕಾಕ್ ವಾಲ್ವುಗಳನ್ನು ನೋಡಲು ಬೀದರಿನವರಿಗೆ ಕಲಿಸಬೇಕಿಲ್ಲ. ನಮ್ಮ ಬಿದ್ರಿ ಸಾಮಾನಿನಲ್ಲಿ ಸತು ಜಾಸ್ತಿ, ತಾಮ್ರ ಸ್ವಲ್ಪ. ಹಿತ್ತಾಳೆಯಲ್ಲಿ ಅದರ ಉಲ್ಟಾ. ಹಿತ್ತಾಳೆಯ ವಾಲ್ವ್ ಸಮುದ್ರದ ನೀರಿನಲ್ಲಿದ್ದರೆ ಸತು ಕರಗಿ ಹೋಗಿ ಬರೀ ತಾಮ್ರದ ಜಾಳು ಉಳಿಯುತ್ತದೆ, ಬಣ್ಣ ಗುಲಾಬಿಗೆ ತಿರುಗುತ್ತದೆ, ಕಾಲು ತಾಗಿದರೆ ಮುರಿಯುತ್ತದೆ, ಆಮೇಲೆ ಬೋಟಿನೊಳಗೆ ಬುಗ್ಗೆ. ಚಾಕುವಿನಿಂದ ಸ್ವಲ್ಪ ಕೆರೆದು ನೋಡಿ, ಹಳದಿಯಾಗಿ ಹೊಳೆಯಬೇಕು. ಗುಲಾಬಿ ಕಂಡರೆ ನೀರಿಗೆ ಇಳಿಸುವ ಮೊದಲೇ ಎಲ್ಲವನ್ನೂ ಕಂಚಿನದಕ್ಕೆ ಬದಲಾಯಿಸಿ. ಹೊರಗೆ ಪ್ರೊಪೆಲ್ಲರ್ ಹತ್ತಿರ ಸತುವಿನ ಆನೋಡ್ ಇರುತ್ತದೆ, ಅದು ಸವೆದಿದ್ದರೆ ಒಳ್ಳೆಯದು, ಬೇರೆ ಲೋಹದ ಬದಲು ಸವೆಯುವುದೇ ಅದರ ಕೆಲಸ. ವರ್ಷಗಟ್ಟಲೆ ನೀರಿನಲ್ಲಿದ್ದೂ ಹೊಸದರ ಹಾಗೇ ಇದ್ದರೆ ಅದರ ತಂತಿ ಎಲ್ಲೋ ಕಡಿದಿದೆ, ಅದರ ಬದಲು ಬೇರೇನೋ ಸವೆದಿದೆ.

ಇಂಜಿನ್ ಬಗ್ಗೆ ನಿಮಗೆ ನಾನೇನು ಹೇಳಲಿ. ಸಾಧ್ಯವಾದರೆ ತಂದೆಯವರನ್ನೇ ಕರೆದುಕೊಂಡು ಹೋಗಿ, ಅವರಿಗೂ ಒಂದು ಪ್ರವಾಸ ಆಗುತ್ತದೆ. ನೀವು ಹೋಗುವ ಮೊದಲು ಇಂಜಿನ್ ಬಿಸಿ ಮಾಡಿಡಬಾರದು ಎಂದು ಹೇಳಿಡಿ, ತಣ್ಣಗಿರುವಾಗಲೇ ಸ್ಟಾರ್ಟ್ ಆಗಬೇಕು. ನೆಲದ ಮೇಲಿದ್ದರೂ ಪೈಪಿನಿಂದ ನೀರು ಕೊಟ್ಟು ಓಡಿಸಬಹುದು. ಗ್ಯಾರೇಜಿನಲ್ಲಿ ನೋಡದ ಎರಡು ವಿಷಯ ಮಾತ್ರ ಇಲ್ಲಿವೆ. ಒಂದು, ತಂಪು ಮಾಡುವ ನೀರು: ಸಮುದ್ರದ ನೀರೇ ನೇರವಾಗಿ ಇಂಜಿನ್ ಒಳಗೆ ಓಡುವ ವ್ಯವಸ್ಥೆಯೋ, ಅಥವಾ ಒಳಗೆ ಸಿಹಿನೀರು ಓಡಿ ಹೀಟ್ ಎಕ್ಸ್‌ಚೇಂಜರಿನಲ್ಲಿ ಮಾತ್ರ ಉಪ್ಪುನೀರೋ? ಮೊದಲನೆಯದಾದರೆ ಬ್ಲಾಕ್ ಒಳಗಿಂದ ತುಕ್ಕು ತಿಂದಿರುತ್ತದೆ. ಎರಡು, ಡೀಸೆಲ್ ಟ್ಯಾಂಕ್. ಮೂರು ವರ್ಷ ನಿಂತ ಡೀಸೆಲಿನ ತಳದಲ್ಲಿ ನೀರು ಸೇರಿ, ಆ ಗಡಿಯಲ್ಲಿ ಸೂಕ್ಷ್ಮಜೀವಿ ಬೆಳೆದು ಕಪ್ಪು ಲೋಳೆ ಆಗಿರುತ್ತದೆ. ಟ್ಯಾಂಕ್ ಹೊರಗೆ ಬರುತ್ತದೆಯೇ ಎಂದು ಅಳತೆ ಹಾಕಿ. ಕೆಲವು ಬೋಟುಗಳಲ್ಲಿ ಟ್ಯಾಂಕ್ ಇಟ್ಟ ಮೇಲೆ ಡೆಕ್ ಮುಚ್ಚಿರುತ್ತಾರೆ, ಕತ್ತರಿಸದೆ ತೆಗೆಯಲಾಗುವುದಿಲ್ಲ.

ಈಗ ಪಟ್ಟಿಗೆ ಬನ್ನಿ. ಅದರಲ್ಲಿ ನಾನು ಬೆಲೆ ಕಟ್ಟುವುದು ಎರಡಕ್ಕೆ. ವಿಂಡ್‌ವೇನ್ ಒಂದು. ಕರೆಂಟ್ ಬೇಡ, ಗಾಳಿಯ ದಿಕ್ಕು ನೋಡಿ ತಾನೇ ಬೋಟನ್ನು ದಾರಿಯಲ್ಲಿ ಹಿಡಿದಿಡುತ್ತದೆ, ಏರೀಸ್, ಮಾನಿಟರ್, ಹೈಡ್ರೋವೇನ್ ಬ್ರ್ಯಾಂಡುಗಳಲ್ಲಿ ಯಾವುದಾದರೂ ಇದ್ದರೆ ಹಳೆಯದಾದರೂ ಚಿನ್ನ, ಅದೂ ತಾನೇ ದಿಕ್ಕು ಹಿಡಿಯುವ ಲಾಂಗ್ ಕೀಲಿಗೆ ಹೇಳಿ ಮಾಡಿಸಿದ್ದು. ಇನ್ನೊಂದು ಲಂಗರು, ಅದರ ಸರಪಳಿ ಮತ್ತು ಅದನ್ನು ಎತ್ತುವ ವಿಂಡ್ಲಾಸ್ ಯಂತ್ರ. ಉಳಿದದ್ದನ್ನು ಸೊನ್ನೆ ಎಂದುಕೊಳ್ಳಿ. ವಾಟರ್ ಮೇಕರ್ ಓಡಿಸದೆ ಇಟ್ಟರೆ, ಔಷಧಿ ಹಾಕಿ ಕಾಪಾಡದಿದ್ದರೆ, ಅದರ ಮೆಂಬ್ರೇನ್ (ಸೋಸುವ ಪೊರೆ) ಸತ್ತಿರುತ್ತದೆ. ಲೈಫ್ ರಾಫ್ಟಿಗೆ ಸಾಮಾನ್ಯವಾಗಿ ಮೂರು ವರ್ಷಕ್ಕೊಮ್ಮೆ ಸರ್ವಿಸ್ ಬೇಕು, ಡಬ್ಬಿಯ ಮೇಲಿನ ತಾರೀಖು ನೋಡಿದರೆ ಗೊತ್ತಾಗುತ್ತದೆ. ಅಪಾಯದಲ್ಲಿ ಉಪಗ್ರಹಕ್ಕೆ ಸುದ್ದಿ ಕಳಿಸುವ ಈಪರ್ಬ್‌ನ ಬ್ಯಾಟರಿಗೂ ಆಯಸ್ಸಿದೆ, ಜೊತೆಗೆ ಅದರೊಳಗೆ ಬೋಟಿನ ದೇಶದ ಸಂಕೇತ ಇರುತ್ತದೆ, ಬಾವುಟ ಬದಲಾದರೆ ಅದನ್ನೂ ಬದಲಾಯಿಸಬೇಕು. ಹಳೆಯ ರೇಡಾರ್, ನಕ್ಷೆ ತೋರಿಸುವ ಹಳೆಯ ಪ್ಲಾಟರ್ ಇವೆಲ್ಲ ಕೆಲಸ ಮಾಡಿದರೆ ಬೋನಸ್. ಹಾಯಿ ಎಷ್ಟು ಅಂತ ಎಣಿಸಬೇಡಿ, ಹೊಲಿಗೆಯನ್ನು ಉಗುರಿನಿಂದ ಕೆರೆಯಿರಿ. ದಾರ ಪುಡಿಯಾದರೆ ಬಿಸಿಲು ತಿಂದಿದೆ.

ಒಂದು ಎಚ್ಚರಿಕೆ, ಪಟ್ಟಿಯಲ್ಲಿ ಯಾರೂ ಬರೆಯದ್ದು. ಅಡುಗೆ ಗ್ಯಾಸ್ ಗಾಳಿಗಿಂತ ಭಾರ. ಮನೆಯಲ್ಲಿ ಸೋರಿದರೆ ಬಾಗಿಲು ತೆಗೆದು ಹೊರಗೆ ಹಾಕಬಹುದು, ಬೋಟಿನಲ್ಲಿ ಅದು ತಳಕ್ಕಿಳಿದು ಕೂರುತ್ತದೆ, ಒಂದು ಕಿಡಿ ಸಾಕು. ಹಳೆಯ ರಬ್ಬರ್ ಪೈಪನ್ನು ಮೊದಲ ದಿನವೇ ಕಿತ್ತುಹಾಕಿ.

ಬೆಲೆ. 34,000 ಡಾಲರ್ ಅಂದರೆ ಸುಮಾರು 30 ಲಕ್ಷ. ಅಗ್ಗ ಅನಿಸುತ್ತದೆ, ಆದರೆ ಬೋಟಿನ ಖರ್ಚು ಅದರ ಬೆಲೆಯನ್ನು ನೋಡುವುದಿಲ್ಲ, ಉದ್ದವನ್ನು ನೋಡುತ್ತದೆ. ಅಗ್ಗದ 35 ಅಡಿಗೂ ದುಬಾರಿ 35 ಅಡಿಗೂ ತಂತಿ, ಬಣ್ಣ, ಹಾಯಿ, ಯಾರ್ಡಿನ ಬಾಡಿಗೆ ಒಂದೇ. ಕೊಂಡ ಬೆಲೆಯ ಅರ್ಧದಷ್ಟಾದರೂ ಮೊದಲ ವರ್ಷಕ್ಕೆ ಕೈಯಲ್ಲಿಟ್ಟುಕೊಂಡಿರಿ, ಇಲ್ಲವಾದರೆ ಕೈ ಹಾಕಬೇಡಿ. ಮೂರು ವರ್ಷದಿಂದ ಯಾರ್ಡಿಗೆ ಬಾಡಿಗೆ ಕಟ್ಟುತ್ತಿರುವವರು ಮಾರಲು ಕಾಯುತ್ತಿರುತ್ತಾರೆ, ಚೌಕಾಸಿ ಮಾಡಲು ನಾಚಬೇಡಿ. ಸರ್ವೇಯರನ್ನು ನೀವೇ ಹುಡುಕಿ, ಮಾರುವವರು ಹೇಳಿದವರು ಬೇಡ. ‘ಸರ್ವೇ ಮತ್ತು ನೀರಿನಲ್ಲಿ ಪರೀಕ್ಷೆ ಎರಡೂ ಸರಿಯಾದರೆ ಮಾತ್ರ’ ಎಂದು ಒಪ್ಪಂದದಲ್ಲಿ ಬರೆಸಿ.

ಕಾಗದಪತ್ರದಲ್ಲಿ ಜನ ಮೋಸ ಹೋಗುವ ಜಾಗ ಒಂದಿದೆ. ಬ್ರಿಟಿಷ್ ಬೋಟಿಗೆ ಎರಡು ಥರದ ನೋಂದಣಿ ಇರುತ್ತದೆ. ‘ಪಾರ್ಟ್ 1’ ಆದರೆ ಮಾಲೀಕತ್ವವೂ ಸಾಲವೂ ದಾಖಲಾಗಿರುತ್ತದೆ. ‘ಸ್ಮಾಲ್ ಶಿಪ್ಸ್ ರಿಜಿಸ್ಟರ್’ ಆದರೆ ಅದು ಮಾಲೀಕತ್ವಕ್ಕೆ ಪುರಾವೆಯೇ ಅಲ್ಲ. ಎರಡನೆಯದಾದರೆ ಹಿಂದಿನ ಮಾರಾಟಪತ್ರಗಳ ಸರಣಿ ಪೂರ್ತಿ ಕೇಳಿ. ಇಲ್ಲಿಂದ ಹಣ ಕಳಿಸಲು ರಿಸರ್ವ್ ಬ್ಯಾಂಕಿನ ವಾರ್ಷಿಕ ಮಿತಿ 2,50,000 ಡಾಲರ್, ಹಾಗಾಗಿ ಅಲ್ಲಿ ತೊಡಕಿಲ್ಲ, ನಿಮ್ಮ ಬ್ಯಾಂಕಿನವರಿಗೆ ಮಾತ್ರ ‘ಹಾಯಿದೋಣಿ’ ಎಂದರೆ ಏನೆಂದು ಎರಡು ಸಲ ವಿವರಿಸಬೇಕಾಗಬಹುದು.

ಕೊಚ್ಚಿಗೆ ತರುವುದು. ದಾರಿ ಕಷ್ಟದ್ದಲ್ಲ. ಲಂಕಾವಿಯಿಂದ ಸುಮಾತ್ರಾದ ಉತ್ತರದ ತುದಿಯನ್ನೂ ಗ್ರೇಟ್ ನಿಕೋಬಾರ್ ದ್ವೀಪವನ್ನೂ ಎರಡು ಬದಿಗೆ ಬಿಟ್ಟು ನೇರ ಪಶ್ಚಿಮಕ್ಕೆ, ಶ್ರೀಲಂಕಾದ ಗಾಲ್‌ವರೆಗೆ ಸುಮಾರು 1,200 ನಾಟಿಕಲ್ ಮೈಲಿ, ಮೇಲಿನ ಲೆಕ್ಕದಂತೆ ಹತ್ತು ದಿನ. ಜನವರಿಯಿಂದ ಮಾರ್ಚ್ ಒಳಗೆ ಹೊರಟರೆ ಈಶಾನ್ಯದ ಗಾಳಿ ಹಿಂದಿನಿಂದ ತಳ್ಳುತ್ತದೆ, ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಕಡಿಮೆ ಇರುವ ಕಾಲವೂ ಅದೇ. ಶ್ರೀಲಂಕಾದ ದಕ್ಷಿಣಕ್ಕೆ ದೊಡ್ಡ ಹಡಗುಗಳ ಹೆದ್ದಾರಿ ಇದೆ, ಅಲ್ಲಿ ಎಐಎಸ್ (ಸುತ್ತಲಿನ ಹಡಗುಗಳು ಎಲ್ಲಿವೆ ಎಂದು ತೋರಿಸುವ ಸಾಧನ) ಇಲ್ಲದೆ ರಾತ್ರಿ ಕಳೆಯಬೇಡಿ. ಆಮೇಲೆ ಮನ್ನಾರ್ ಕೊಲ್ಲಿಯ ಬಾಯಿಯಲ್ಲಿ ಗಾಳಿ ಇದ್ದಕ್ಕಿದ್ದಂತೆ ಜೋರಾಗುತ್ತದೆ, ಹಾಯಿ ಮೊದಲೇ ಕಿರಿದು ಮಾಡಿಕೊಳ್ಳಿ. ಜೂನ್ ಮುಂಗಾರಿಗೆ ಮೊದಲು ಬೋಟು ಭದ್ರ ಜಾಗದಲ್ಲಿರಬೇಕು.

ಕಷ್ಟ ಇರುವುದು ಬಂದ ಮೇಲೆ. ಭಾರತೀಯರು ಬೋಟು ತಂದು ಇಲ್ಲೇ ಇಟ್ಟುಕೊಂಡರೆ ಅದು ಆಮದು, ಸುಂಕ ಭಾರಿ. ದರ ಬದಲಾಗುತ್ತಿರುತ್ತದೆ, ಆದ್ದರಿಂದ ಮುಂಗಡ ಕೊಡುವ ಮೊದಲೇ ಕಸ್ಟಮ್ಸ್ ಏಜೆಂಟ್ ಒಬ್ಬರಿಂದ ಲಿಖಿತ ಲೆಕ್ಕ ತೆಗೆದುಕೊಳ್ಳಿ. ಕೊಚ್ಚಿಯ ಬೋಳ್ಗಾಟಿಯಲ್ಲಿ ಮರೀನಾ ಇದೆ, ಆದರೆ ನಿಮ್ಮ ಕೀಲ್ ನೀರಿನೊಳಗೆ ಐದಾರು ಅಡಿ ಇಳಿದಿರುತ್ತದೆ, ಇಳಿತದ ಹೊತ್ತಿನಲ್ಲಿ ಅಲ್ಲಿ ಎಷ್ಟು ಆಳ ಎಂದು ಫೋನ್ ಮಾಡಿ ಕೇಳಿ. ನನ್ನ ಮಾತು ಕೇಳುವುದಾದರೆ ಮೊದಲ ಎರಡು ಮೂರು ವರ್ಷ ಬೋಟು ಲಂಕಾವಿಯಲ್ಲೇ ಇರಲಿ. ಅದು ಸುಂಕವಿಲ್ಲದ ದ್ವೀಪ, ಮಿಸ್ತ್ರಿಗಳು ಸಿಗುತ್ತಾರೆ, ಪಕ್ಕದಲ್ಲೇ ಥಾಯ್ಲೆಂಡಿನ ದ್ವೀಪಗಳು. ಹೈದರಾಬಾದಿಗೆ ಹೋಗಿ ವಿಮಾನ ಹತ್ತಿದರೆ ಆಯಿತು.

ಹೈದರಾಬಾದ್ ಅಂದಾಗ ನೆನಪಾಯಿತು. ಮನೆಯವರು ಒಮ್ಮೆಯೂ ಹಾಯಿದೋಣಿ ಹತ್ತಿಲ್ಲದಿದ್ದರೆ ಅವರನ್ನು ನೇರ ಸಮುದ್ರಕ್ಕೆ ಕರೆದುಕೊಂಡು ಹೋಗಬೇಡಿ. ಬೀದರಿನಿಂದ ಹುಸೇನ್ ಸಾಗರಕ್ಕೆ 140 ಕಿಲೋಮೀಟರ್, ಅಲ್ಲಿ ಸೇಲಿಂಗ್ ಕ್ಲಬ್ಬುಗಳಿವೆ, ಸಣ್ಣ ದೋಣಿಯಲ್ಲಿ ಕಲಿಸುತ್ತಾರೆ. ಸಣ್ಣ ದೋಣಿ ನಡೆಸಿದವರಿಗೆ ಗಾಳಿ ಎತ್ತಲಿಂದ ಬರುತ್ತಿದೆ ಎಂಬುದು ಕೆನ್ನೆಯಲ್ಲೇ ಗೊತ್ತಾಗುತ್ತದೆ, ಎಂಟು ಟನ್ನಿನ ಬೋಟಿನಲ್ಲಿ ಕಲಿತವರಿಗೆ ಅದು ಬರುವುದು ತಡ. ಬೋಟು ವಾಲಿದರೆ ಹೆದರಬೇಕಿಲ್ಲ ಎಂಬುದೂ ಅಲ್ಲೇ ಗೊತ್ತಾಗುತ್ತದೆ. ಹೋಗುವಾಗ ಬದಲಿಸಲು ಬಟ್ಟೆ ತೆಗೆದುಕೊಂಡು ಹೋಗಿ, ಆ ಕೆರೆಯ ನೀರು ಅಷ್ಟೇನೂ ಚೊಕ್ಕಟವಿಲ್ಲ.

ಲಂಕಾವಿಗೆ ಟಿಕೆಟ್ ಮಾಡುವ ಮೊದಲು ಮಾಲೀಕರಿಗೆ ನಾಲ್ಕು ಪ್ರಶ್ನೆ ಬರೆದು ಕಳಿಸಿ: ಕೀಲಿನೊಳಗೆ ಸೀಸವೋ ಕಬ್ಬಿಣವೋ, ತಂತಿ ಬದಲಾಯಿಸಿದ ಬಿಲ್ ಇದೆಯೇ, ಚೈನ್‌ಪ್ಲೇಟ್ ಬಿಚ್ಚಲು ಒಪ್ಪುತ್ತೀರಾ, ನೋಂದಣಿ ಯಾವ ಥರದ್ದು. ಎರಡಕ್ಕಿಂತ ಜಾಸ್ತಿ ಪ್ರಶ್ನೆಗೆ ಹಾರಿಕೆಯ ಉತ್ತರ ಬಂದರೆ ಟಿಕೆಟ್ ದುಡ್ಡು ಉಳಿಸಿಕೊಳ್ಳಿ, ಲಂಕಾವಿ ಮತ್ತು ಥಾಯ್ಲೆಂಡಿನ ಫುಕೆಟ್ ಕಡೆ ಇಂಥ ಬೋಟುಗಳು ಆಗಾಗ ಮಾರಾಟಕ್ಕೆ ಬರುತ್ತಲೇ ಇರುತ್ತವೆ.